ಲ್ಯಾಪ್‌ಟಾಪ್ ಕೆಟ್ಟಾಗ ಕೈಯಲ್ಲಿ ಕಾಗದ ಇರಲಿ

ಹೋದ ಬೇಸಿಗೆಯ ಮಾತು. ನನ್ನ ತಂಗಿಯ ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಮೇ 20ರ ಬೆಳಿಗ್ಗೆ ಅವಳ ಲ್ಯಾಪ್‌ಟಾಪ್ ಆನ್ ಆಗಲಿಲ್ಲ. ಕೊಂಡು 11 ತಿಂಗಳು ದಾಟಿತ್ತು. ವಾರಂಟಿ 1 ವರ್ಷದ್ದು, ಜೂನ್ 2ಕ್ಕೆ ಮುಗಿಯುವಂಥದ್ದು. ಬಿಸಿಲಲ್ಲೇ ಕೊಂಡ ಅಂಗಡಿಗೆ ಒಯ್ದಳು. ಅಂಗಡಿಯವರು ಎರಡು ಸಲ ಬಟನ್ ಒತ್ತಿ ನೋಡಿ, "ಬೋರ್ಡ್ ಹೋಗ್ಯದವ್ವಾ, ಹೈದರಾಬಾದಿಗೆ ಕಳಸಬೇಕಾಗ್ತದ. ಬಿಟ್ಟು ಹೋಗು, ಬಂದ ಮ್ಯಾಲ ಫೋನ್ ಮಾಡ್ತೀವಿ" ಅಂದರು. ಬಿಟ್ಟು ಬಂದಳು. ಚೀಟಿ ಕೇಳಲಿಲ್ಲ, ಅವರೂ ಕೊಡಲಿಲ್ಲ.

40 ದಿನ ಕಳೆಯಿತು. ಆಮೇಲೆ ಬಂದ ಉತ್ತರ ಇಷ್ಟು: ಕಂಪನಿಯಲ್ಲಿ ಕಂಪ್ಲೇಂಟ್ ದಾಖಲಾದಾಗ ವಾರಂಟಿ ಮುಗಿದಿತ್ತು, ಆದ್ದರಿಂದ ಬೋರ್ಡಿನ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆ, ಅಂದರೆ ಮದರ್‌ಬೋರ್ಡಿನ) ಹಣ ನೀವೇ ಕೊಡಬೇಕು. ಅವಳು ಅಳುತ್ತಾ ನನಗೆ ಫೋನ್ ಮಾಡಿದಳು. "ಮಾಮಾ, ನಾ ಟೈಮಿಗೇ ಕೊಟ್ಟೀನಿ. ಆದ್ರ ಕೊಟ್ಟಿದ್ದಕ್ಕ ಏನೂ ಪುರಾವೆ ಇಲ್ಲ."

ಪುರಾವೆ ಇತ್ತು, ಅವಳ ಫೋನಿನಲ್ಲೇ. ಅದನ್ನು ಮುಂದೆ ಹೇಳುತ್ತೇನೆ. ಆ 2 ತಿಂಗಳ ಓಡಾಟದಲ್ಲಿ ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ನಮ್ಮ ಕಡೆ ಜನಕ್ಕೆ ಹಕ್ಕು ಇದೆ, ಕಾನೂನೂ ಗಟ್ಟಿಯಾಗಿದೆ. ಆದರೆ ಎಲ್ಲ ವ್ಯವಹಾರ ಬಾಯಿಮಾತಿನಲ್ಲೇ ನಡೆದುಹೋಗುತ್ತದೆ. ಯಾವತ್ತು ಕೆಟ್ಟಿತು, ಯಾವತ್ತು ಕೊಟ್ಟೆವು, ಅವರು ಏನು ಹೇಳಿದರು ಎಂಬುದಕ್ಕೆ ಒಂದು ಸಾಲಿನ ಬರಹವೂ ಇರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕೊಳ್ಳುವ ದಿನವೇ ಮಾಡಬೇಕಾದದ್ದು

ಪಕ್ಕಾ ಬಿಲ್ ತೆಗೆದುಕೊಳ್ಳಿ. "ಬಿಲ್ ಬ್ಯಾಡಂದ್ರ 2 ಸಾವಿರ ಕಡಿಮಿ ಮಾಡ್ತೀವಿ" ಅಂತ ಯಾರಾದರೂ ಅಂದರೆ ಆ ಅಂಗಡಿ ಬಿಟ್ಟು ಹೊರಗೆ ಬನ್ನಿ. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು ವ್ಯಾಪಾರ ಪದ್ಧತಿ. ಬಿಲ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ತಾರೀಖು, ಮಾಡೆಲ್, ಸೀರಿಯಲ್ ನಂಬರ್, 15 ಅಕ್ಷರ ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು. ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ. ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮಹಾರಾಷ್ಟ್ರಕ್ಕೆ 27. ಬೀದರ್‌ನವರು ಹೈದರಾಬಾದಿಗೆ, ಆಳಂದ ಕಡೆಯವರು ಸೊಲ್ಲಾಪುರಕ್ಕೆ ಹೋಗಿ ಕೊಳ್ಳುವುದು ಸಾಮಾನ್ಯ, ಅಲ್ವಾ? ಹಾಗೆ ಕೊಂಡರೂ ನಿಮ್ಮ ಹಕ್ಕು ಕಡಿಮೆ ಆಗುವುದಿಲ್ಲ. ಯಾಕೆ ಅಂತ ಗ್ರಾಹಕ ಆಯೋಗದ (ಗ್ರಾಹಕರ ದೂರು ಕೇಳಿ ತೀರ್ಪು ಕೊಡುವ ಸಂಸ್ಥೆ) ಮಾತು ಬಂದಾಗ ಹೇಳುತ್ತೇನೆ.

ಬಿಲ್ ಅಪ್ಪನ ಹೆಸರಲ್ಲಿದೆ, ಬಳಸುವುದು ಮಗಳು. ಇದರಿಂದ ತೊಂದರೆ ಇಲ್ಲ. ಹಣ ಕೊಟ್ಟವರ ಒಪ್ಪಿಗೆಯಿಂದ ಬಳಸುವವರನ್ನೂ ಕಾಯ್ದೆ ಗ್ರಾಹಕರು ಅಂತಲೇ ಎಣಿಸುತ್ತದೆ. ಮನೆ ನಡೆಸಲು ತಾನೇ ಕೂತು ಡಿಟಿಪಿ, ಝೆರಾಕ್ಸ್ ಅಂಗಡಿ ನಡೆಸುವವರಿಗೂ ಈ ರಕ್ಷಣೆ ಇದೆ. ಮರುಮಾರಾಟಕ್ಕೆ ಕೊಂಡವರಿಗೆ ಮಾತ್ರ ಇಲ್ಲ. ದೊಡ್ಡ ವ್ಯಾಪಾರದ ಕೆಲಸಕ್ಕೆ ಕೊಂಡವರಿಗೂ ಇಲ್ಲ.

ಡಬ್ಬಿ ಎಸೆಯಬೇಡಿ. ಅಟ್ಟದ ಮೇಲೆ ಜಾಗ ಇಲ್ಲ ಅಂತ ಎಲ್ಲರ ಮನೆಯಲ್ಲೂ ಮೊದಲು ಹೊರಗೆ ಹೋಗುವುದು ಅದೇ. ಎಸೆಯಲೇಬೇಕಾದರೆ ಎಲ್ಲ ಮಗ್ಗುಲಿನ ಫೋಟೋ ತೆಗೆದಿಡಿ. ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಡಬ್ಬಿಯ ಮೇಲೆ ಇರಲೇಬೇಕು ಎಂಬುದು ಕಾನೂನು. ನಾಳೆ ನೀವು ಕಾಗದ ಬರೆಯಬೇಕಾಗಿ ಬಂದರೆ ಬೇಕಾಗುವುದು ಅದೇ ವಿಳಾಸ.

ಮನೆಗೆ ಬಂದ ವಾರದೊಳಗೆ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಯಾವತ್ತಿನಿಂದ ಯಾವತ್ತಿನ ತನಕ ಇದೆ ಅಂತ ನೋಡಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ ಎಂದು ನನ್ನ ಅನುಭವ. ಕೆಲವು ಸಲ ಲ್ಯಾಪ್‌ಟಾಪ್ ಕಂಪನಿಯ ಗೋದಾಮು ಬಿಟ್ಟ ದಿನದಿಂದಲೇ ವಾರಂಟಿ ಎಣಿಸಿರುತ್ತಾರೆ. ಅಂಗಡಿಯಲ್ಲಿ 3 ತಿಂಗಳು ಕೂತ ಮಾಲಾದರೆ ನಿಮಗೆ 3 ತಿಂಗಳು ನಷ್ಟ. ಬಿಲ್‌ನ ಪ್ರತಿ ಕಳಿಸಿ ಬಿಲ್ ತಾರೀಖಿನಿಂದ ಎಣಿಸಲು ಕೇಳಿದರೆ ತಿದ್ದಿಕೊಡುತ್ತಾರೆ. ಕೆಟ್ಟ ಮೇಲೆ ಈ ಜಗಳ ಮಾಡುವುದಕ್ಕಿಂತ ಹೊಸದಿದ್ದಾಗಲೇ ಮಾಡಿ ಮುಗಿಸುವುದು ಸುಲಭ.

"ಎಕ್ಸ್‌ಟೆಂಡೆಡ್ ವಾರಂಟಿ" ಅಂತ ಜಾಸ್ತಿ ಹಣ ಕೊಟ್ಟಿದ್ದರೆ ಅದು ಯಾರದು ಅಂತ ನೋಡಿ. ಕಂಪನಿಯದಾದರೆ ವೆಬ್‌ಸೈಟಿನಲ್ಲಿ ಹೆಚ್ಚಿನ ದಿನಗಳು ಕಾಣುತ್ತವೆ. ಕಾಣದಿದ್ದರೆ ಅದು ಅಂಗಡಿಯದೋ ಬೇರೊಂದು ಸಂಸ್ಥೆಯದೋ ಪ್ಲಾನ್. ಅದರ ಷರತ್ತಿನ ಹಾಳೆಯನ್ನು ಅವತ್ತೇ ಕೇಳಿ ತೆಗೆದುಕೊಳ್ಳಿ. ಬ್ಯಾಟರಿ ಬಗ್ಗೆಯೂ ಓದಿ. ಲ್ಯಾಪ್‌ಟಾಪಿಗೆ 3 ವರ್ಷ ಅಂತ ಬರೆದರೂ ಬ್ಯಾಟರಿಗೆ 1 ವರ್ಷ ಮಾತ್ರ ಇರುವುದು ಬಹಳ.

ದುಬೈ, ಸೌದಿಯಿಂದ ಅಣ್ಣನೋ ಕಾಕಾನೋ ತಂದ ಲ್ಯಾಪ್‌ಟಾಪ್ ನಮ್ಮ ಕಡೆ ಬಹಳ ಮನೆಗಳಲ್ಲಿ ಇದೆ. ಅದಕ್ಕೆ ಭಾರತದಲ್ಲಿ ವಾರಂಟಿ ಇದೆಯೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಸೀರಿಯಲ್ ನಂಬರ್ ಹಾಕಿ ನೋಡಿ, ಅಲ್ಲಿನ ಬಿಲ್ ಜೋಪಾನವಾಗಿಡಿ.

ಕೆಟ್ಟ ದಿನ, ಮನೆಯಲ್ಲೇ

ಮೊದಲು ಫೋಟೋ, ವಿಡಿಯೋ. ಆನ್ ಆಗದಿದ್ದರೆ ಬಟನ್ ಒತ್ತುತ್ತಿರುವುದನ್ನು, ಚಾರ್ಜರ್ ದೀಪ ಉರಿಯುತ್ತಿದೆಯೋ ಇಲ್ಲವೋ ಎಂಬುದನ್ನು ವಿಡಿಯೋ ಮಾಡಿ. ಸ್ಕ್ರೀನ್‌ನಲ್ಲಿ ಗೆರೆ ಬಂದರೆ ಅದರದೂ ಬೇಕು. ಆಮೇಲೆ ಲ್ಯಾಪ್‌ಟಾಪನ್ನು ನಾಲ್ಕೂ ಕಡೆಯಿಂದ, ಮೂಲೆಗಳು, ಕೀಲು, ಕೆಳಭಾಗ ಕಾಣುವಂತೆ ಬೆಳಕಲ್ಲಿ ಫೋಟೋ ತೆಗೆಯಿರಿ. "ಬಿದ್ದು ಒಡೆದಿದೆ" ಅಂತ ಆಮೇಲೆ ಯಾರೂ ಹೇಳದಂತೆ ಇದು ಕಾಯುತ್ತದೆ.

ಇನ್ನು ಸಣ್ಣ ಪರೀಕ್ಷೆ. ಚಾರ್ಜರ್ ತೆಗೆದು ಪವರ್ ಬಟನ್ ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಬೇರೆ ಸಾಕೆಟ್ಟಿಗೆ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಜೀವ ಬರುತ್ತದೆ. ಬೇಸಿಗೆಯಲ್ಲಿ ತಾನಾಗೇ ಆಫ್ ಆಗುತ್ತಿದ್ದರೆ ಫ್ಯಾನಿನ ಕಿಂಡಿ ನೋಡಿ. ನಮ್ಮಲ್ಲಿ ಧೂಳೂ ಜಾಸ್ತಿ, ಬಿಸಿಯೂ ಜಾಸ್ತಿ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಬಳಸುವ ಜಾಗದ ಉಷ್ಣತೆ 35 ಡಿಗ್ರಿ ತನಕ ಅಂತ ಬರೆದಿರುತ್ತದೆ. ಕಲಬುರಗಿಯ ಮೇ ತಿಂಗಳು 40 ದಾಟುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಟ್ಟು ಬಳಸಿದರೆ ಕಿಂಡಿ ಮುಚ್ಚಿ ಇನ್ನೂ ಬಿಸಿಯಾಗುತ್ತದೆ. ಬಿಸಿ ಹೆಚ್ಚಾದಾಗ ಆಫ್ ಆಗುವುದು ಅದು ತನ್ನನ್ನು ಉಳಿಸಿಕೊಳ್ಳುವ ರೀತಿ. ತಣ್ಣಗಾದ ಮೇಲೂ ಹಾಗೇ ಆದರೆ ದೋಷ ಇದೆ ಅಂತ ಲೆಕ್ಕ.

ಬ್ಯಾಟರಿ ಬೇಗ ಇಳಿಯುತ್ತಿದ್ದರೆ ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿ ಅದರಲ್ಲಿ ಇರುತ್ತವೆ. ಅದರ ಪ್ರಿಂಟ್ ಒಯ್ಯಿರಿ. "ಬ್ಯಾಟರಿ ನಿಲ್ಲಲ್ಲ" ಎಂಬ ಮಾತಿಗಿಂತ ಅಂಕಿಗೆ ಬೆಲೆ ಜಾಸ್ತಿ.

ಒಂದು ಕೆಲಸ ಮಾತ್ರ ಬೇಡ. ಗೆಳೆಯನೋ, ಮೊಬೈಲ್ ರಿಪೇರಿ ಅಂಗಡಿಯವನೋ ಸ್ಕ್ರೂ ಬಿಚ್ಚಿ ನೋಡಲು ಬಿಡಬೇಡಿ. ವಾರಂಟಿ ಇರುವಾಗ ಹೊರಗಿನವರು ಬಿಚ್ಚಿದ ಗುರುತು ಸಿಕ್ಕರೆ ಕಂಪನಿಗೆ ಕೈ ತೊಳೆದುಕೊಳ್ಳಲು ದಾರಿ ಸಿಗುತ್ತದೆ.

ಅಂಗಡಿಗೋ, ಸರ್ವಿಸ್ ಸೆಂಟರಿಗೋ

ಹೊಸ ವಸ್ತು ಮೊದಲ ಕೆಲವು ದಿನಗಳಲ್ಲೇ ಕೆಟ್ಟರೆ ಅಂಗಡಿಗೆ ಹೋಗಿ, ಬದಲಿ ಕೇಳಿ. "ಒಮ್ಮೆ ಮಾರಿದ ಸರಕು ವಾಪಸ್ ಇಲ್ಲ" ಅಂತ ಬಿಲ್ ಕೆಳಗೆ ಅಚ್ಚಾಗಿದ್ದರೆ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವುದನ್ನೂ ಕಾಯ್ದೆ ತಪ್ಪು ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಇದು ದೋಷವಿರುವ ವಸ್ತುವಿನ ಮಾತು. ಬಣ್ಣ ಹಿಡಿಸಲಿಲ್ಲ ಅಂತ ವಾಪಸ್ ಕೊಡಲು ಆಗುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಜಾಲತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿತು ಅಂತ ಹೇಳಬೇಕು, 1 ತಿಂಗಳೊಳಗೆ ಬಗೆಹರಿಸಬೇಕು. ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿದ್ದರೆ ಅರ್ಧ ಕೆಲಸ ಆದಂತೆ.

ತಿಂಗಳುಗಳು ಕಳೆದ ಮೇಲೆ ಕೆಟ್ಟರೆ ಅಂಗಡಿಗೆ ಬಿಟ್ಟು ಬರುವ ಬದಲು ನೀವೇ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಕಂಪ್ಲೇಂಟ್ ದಾಖಲಿಸಿ. ಕಂಪ್ಲೇಂಟ್ ನಂಬರ್ ಎಸ್ಎಂಎಸ್‌ನಲ್ಲೋ ಇಮೇಲ್‌ನಲ್ಲೋ ಬರುತ್ತದೆ. ಆ ಕ್ಷಣದಿಂದ ನಿಮ್ಮ ತಾರೀಖು ಭದ್ರ. ನನ್ನ ತಂಗಿಯ ಮಗಳು ತಪ್ಪಿದ್ದು ಇಲ್ಲೇ. ವಾರಂಟಿ ಮುಗಿಯಲು 1 ದಿನ ಬಾಕಿ ಇದ್ದರೂ ಕಂಪ್ಲೇಂಟ್ ದಾಖಲಾದರೆ ಅದು ವಾರಂಟಿ ಒಳಗಿನ ದೂರು. ರಿಪೇರಿ ಎಷ್ಟು ದಿನ ಹಿಡಿದರೂ ಸರಿ.

ನಿಮ್ಮದು ಆನ್‌ಸೈಟ್ ವಾರಂಟಿಯೋ, ಸರ್ವಿಸ್ ಸೆಂಟರಿಗೆ ಒಯ್ದು ಕೊಡಬೇಕಾದ ವಾರಂಟಿಯೋ ಕೇಳಿ. ಆನ್‌ಸೈಟ್ ಅಂದರೆ ಮೆಕ್ಯಾನಿಕ್ ನಿಮ್ಮ ಮನೆಗೆ ಬರಬೇಕು. "ನಿಮ್ಮೂರಿಗೆ ಬರಲ್ಲ" ಅಂದರೆ ಆ ಮಾತನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸುರಪುರ, ಔರಾದ್, ಚಿಂಚೋಳಿಯಲ್ಲಿ ಇರುವವರಿಗೆ ಇದು ದೊಡ್ಡ ವಿಷಯ. ಬೀದರ್‌ನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಒಂದು ದಿನದ ಕೂಲಿ, ಬಸ್ ಖರ್ಚು ಎರಡೂ ಹೋಗುತ್ತವೆ. ಹೋಗಲೇಬೇಕಾಗಿ ಬಂದರೆ ಟಿಕೆಟ್ ಎಸೆಯಬೇಡಿ. ಮುಂದೆ ಪರಿಹಾರ ಕೇಳುವಾಗ ಆ ಟಿಕೆಟ್ ಬೇಕು.

ಜಾಬ್ ಶೀಟ್ ಇಲ್ಲದೆ ಹೊರಗೆ ಬರಬೇಡಿ

ಈ ಒಂದು ಹಾಳೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಲ್ಯಾಪ್‌ಟಾಪ್ ಕೌಂಟರ್ ಮೇಲೆ ಇಟ್ಟ ಕೂಡಲೇ ಜಾಬ್ ಶೀಟ್ ಕೇಳಿ. ಅದರಲ್ಲಿ ತಾರೀಖು, ಸೀರಿಯಲ್ ನಂಬರ್, ನೀವು ಹೇಳಿದ ತೊಂದರೆ, ವಾರಂಟಿ ಇದೆಯೋ ಇಲ್ಲವೋ, ಹೊರಮೈ ಹೇಗಿದೆ, ಚಾರ್ಜರ್ ಕೊಟ್ಟಿದ್ದೀರೋ ಇಲ್ಲವೋ ಎಲ್ಲ ಇರಬೇಕು. ಸಹಿ ಹಾಕುವ ಮುಂಚೆ ಓದಿ. "ಗೀರುಗಳಿವೆ" ಅಂತ ಸುಮ್ನೆ ಟಿಕ್ ಹಾಕಿರುತ್ತಾರೆ. ಇಲ್ಲದಿದ್ದರೆ ಅಲ್ಲೇ ಹೊಡೆದು ಹಾಕಿಸಿ.

ತೊಂದರೆ ಹೇಳುವಾಗ ಕಂಡದ್ದನ್ನು ಮಾತ್ರ ಹೇಳಿ. "ಮೇ 20ರ ಬೆಳಿಗ್ಗೆಯಿಂದ ಆನ್ ಆಗುತ್ತಿಲ್ಲ, ಚಾರ್ಜರ್ ದೀಪ ಉರಿಯುತ್ತದೆ" ಅಂದರೆ ಸಾಕು. "ಕರೆಂಟ್ ಹೋಗಿ ಬಂತಲ್ಲ, ಅದಕ್ಕೇ ಸುಟ್ಟಿರಬೇಕು" ಅಂತ ನಿಮ್ಮ ಊಹೆ ಸೇರಿಸಬೇಡಿ. ನಮ್ಮ ಕಡೆ ಕರೆಂಟ್ ಕಣ್ಣಾಮುಚ್ಚಾಲೆ ಆಡುವುದರಿಂದ ಈ ಮಾತು ತಾನಾಗೇ ಬಾಯಿಗೆ ಬರುತ್ತದೆ. ವಿದ್ಯುತ್ ಏರಿಳಿತದಿಂದ ಆದ ಹಾನಿಯನ್ನು ಬಹಳಷ್ಟು ವಾರಂಟಿಗಳು ಹೊರಗಿಡುತ್ತವೆ. ನಿಮಗೆ ಗೊತ್ತಿಲ್ಲದ ಕಾರಣವನ್ನು ನೀವೇ ಬರೆಸಿದರೆ ಅದೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಹಾಗಂತ ಸುಳ್ಳೂ ಬೇಡ. ಚಹಾ ಚೆಲ್ಲಿದ್ದರೆ ಚೆಲ್ಲಿದೆ ಅನ್ನಿ. ಬಿಚ್ಚಿದಾಗ ಕಲೆ ಕಂಡೇ ಕಾಣುತ್ತದೆ, ಆಗ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಅಂಗಡಿಯವರು ಜಾಬ್ ಶೀಟ್ ಕೊಡದಿದ್ದರೆ? ಅಲ್ಲೇ ನಿಂತು ವಾಟ್ಸ್ಆ್ಯಪ್‌ನಲ್ಲಿ ಅವರಿಗೆ ಒಂದು ಫೋಟೋ, ಒಂದು ಸಾಲು ಕಳಿಸಿ. ನಮ್ಮ ಹುಡುಗಿಯನ್ನು ಉಳಿಸಿದ್ದು ಇದೇ. ಅವತ್ತು ಸಂಜೆ ಅವಳು ಅಂಗಡಿ ನಂಬರಿಗೆ, "ಅಣ್ಣಾ, ಮುಂಜಾನಿ ಕೊಟ್ಟ ಲ್ಯಾಪ್‌ಟಾಪ್ ಕಳಸಿದ್ರೇನ್ರಿ?" ಅಂತ ಕೇಳಿದ್ದಳು. "ನಾಳಿ ಕಳಸ್ತೀವಿ" ಅಂತ ಉತ್ತರ ಬಂದಿತ್ತು. ಮೇ 20, ಸಂಜೆ. ಅವಳಿಗೆ ಅದು ಬರೀ ಮಾತುಕತೆ ಅನಿಸಿತ್ತು. ವಾರಂಟಿ ಇದ್ದಾಗಲೇ ವಸ್ತು ತಮ್ಮ ಕೈಗೆ ಬಂದಿದೆ ಅಂತ ಅಂಗಡಿಯವರೇ ಒಪ್ಪಿದ ಪುರಾವೆ ಅದು. ಇಂಥ ಸಂದೇಶ ಅಳಿಸಬೇಡಿ, ಫೋನ್ ಬದಲಿಸುವಾಗ ಉಳಿಸಿಕೊಳ್ಳಿ. ಆಯೋಗದ ತನಕ ಹೋದರೆ ಇದರ ಪ್ರಿಂಟಿನ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ (ಫೋನ್, ಕಂಪ್ಯೂಟರಿನಿಂದ ತೆಗೆದ ದಾಖಲೆಯ ಬಗ್ಗೆ ಕೊಡುವ ಪತ್ರ) ಇಡುವುದು ಒಳ್ಳೆಯದು.

ಒಳಗಿನ ಫೈಲುಗಳ ಮಾತು

ವಾರಂಟಿ ಯಂತ್ರಕ್ಕೆ ಇರುತ್ತದೆ, ಒಳಗಿನ ಫೈಲುಗಳಿಗೆ ಅಲ್ಲ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಸಾಮಾನ್ಯವಾಗಿ ಕಂಪನಿ ಇಟ್ಟುಕೊಳ್ಳುತ್ತದೆ. ಆನ್ ಆಗುವ ಸ್ಥಿತಿಯಲ್ಲಿದ್ದರೆ ಕೊಡುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಪಾಸ್‌ವರ್ಡ್ ಕೇಳಿದರೆ ನಿಮ್ಮದನ್ನು ಕೊಡದೆ, ಬೇರೊಂದು ಖಾತೆ ಮಾಡಿ ಅದನ್ನು ಕೊಡಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗೇ ಬಿದ್ದಿರುತ್ತದೆ. ಮದರ್‌ಬೋರ್ಡ್ ಬದಲಾದರೆ ಮೊದಲ ಸಲ ಆನ್ ಮಾಡಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಫೈಲುಗಳು ಸಿಗುವುದಿಲ್ಲ, ಸರ್ವಿಸ್ ಸೆಂಟರ್‌ನವರೂ ಏನೂ ಮಾಡಲಾರರು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇರುತ್ತದೆ. ಬೇರೆ ಫೋನಿನಿಂದ ಲಾಗಿನ್ ಆಗಿ ನೋಡಿ ಇವತ್ತೇ ಬರೆದಿಡಿ. ಲ್ಯಾಪ್‌ಟಾಪ್ ಚೆನ್ನಾಗಿದ್ದರೂ ಬರೆದಿಡಿ.

"ಇದು ವಾರಂಟಿಯಲ್ಲಿ ಬರಲ್ಲ" ಅಂದಾಗ

ಬಿದ್ದದ್ದು, ನೀರು ಚೆಲ್ಲಿದ್ದು, ಹೊರಗಿನವರು ಬಿಚ್ಚಿದ್ದು ವಾರಂಟಿಯಲ್ಲಿ ಬರುವುದಿಲ್ಲ. ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಬೇರೆಯಾಗಿ ಕೊಂಡಿದ್ದರೆ ಬರುತ್ತದೆ. ಇದರಲ್ಲಿ ವಾದ ಇಲ್ಲ. ಆದರೆ ನೀವು ಹಾಗೇನೂ ಮಾಡದೆ ಇದ್ದರೂ "ಫಿಸಿಕಲ್ ಡ್ಯಾಮೇಜ್" ಅಂತ ಎರಡೇ ಪದದಲ್ಲಿ ಕೈ ತೊಳೆದುಕೊಂಡರೆ ಒಪ್ಪಬೇಡಿ. ಮೂರು ವಿಷಯ ಬರಹದಲ್ಲಿ ಕೇಳಿ: ಹಾನಿ ಎಲ್ಲಿದೆ, ಅದರ ಫೋಟೋ, ಮತ್ತು ಆ ಹಾನಿಯಿಂದಲೇ ಈ ತೊಂದರೆ ಬಂತು ಅಂತ ಹೇಗೆ ಹೇಳುತ್ತೀರಿ. ಮೂಲೆಯಲ್ಲಿ ಗೀರು ಇರುವುದಕ್ಕೂ ಕೀಬೋರ್ಡ್ ಸತ್ತಿದ್ದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ. ನೀವು ಕೆಟ್ಟ ದಿನ ತೆಗೆದ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ.

"ನಿಮ್ಮೂರ ಬಿಸಿಲಿಗೆ ಕೆಟ್ಟದ, ನಾವೇನು ಮಾಡೋದು" ಎಂಬ ಮಾತನ್ನೂ ಕೇಳಿದ್ದೇನೆ. ಕಲಬುರಗಿಯಲ್ಲಿ ಅಂಗಡಿ ಇಟ್ಟು, ಕಲಬುರಗಿಯ ಜನಕ್ಕೆ ಮಾರಿದ ಮೇಲೆ ಇಲ್ಲಿನ ಬಿಸಿಲು ಅವರಿಗೂ ಗೊತ್ತಿರಬೇಕು ಎಂಬುದು ನನ್ನ ವಾದ. ಅದನ್ನೂ ಬರಹದಲ್ಲಿ ಕೊಡಲು ಹೇಳಿ.

ಪದೇ ಪದೇ ಅದೇ ತೊಂದರೆ ಬರುತ್ತಿದ್ದರೆ ಪ್ರತಿ ಸಲವೂ ಹೊಸ ಜಾಬ್ ಶೀಟ್ ಮಾಡಿಸಿ. ಮೂರು ಸಲ ಕೆಟ್ಟರೆ ಹೊಸದು ಕೊಡಲೇಬೇಕು ಅಂತ ಜನ ಹೇಳುತ್ತಾರೆ. ಹಾಗೆ ನಮ್ಮ ಕಾಯ್ದೆಯಲ್ಲಿ ಬರೆದಿಲ್ಲ. ಆದರೆ ಒಂದೇ ದೋಷಕ್ಕೆ ನಾಲ್ಕು ಜಾಬ್ ಶೀಟ್ ಇದ್ದರೆ ತಯಾರಿಕೆಯಲ್ಲೇ ದೋಷ ಇದೆ ಅನ್ನಲು ಅದು ಒಳ್ಳೆಯ ಆಧಾರ.

ಲ್ಯಾಪ್‌ಟಾಪ್ ಇಎಂಐ ಮೇಲೆ ಕೊಂಡಿದ್ದರೆ ಸಿಟ್ಟಿನಲ್ಲಿ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟವರು ಬೇರೆ, ಮಾಲು ಕೊಟ್ಟವರು ಬೇರೆ. ದಂಡವೂ ಬೀಳುತ್ತದೆ, ಮುಂದೆ ಸಾಲ ಸಿಗುವುದೂ ಕಷ್ಟವಾಗುತ್ತದೆ.

ಕಾಗದ ಬರೆಯುವುದು

ಎರಡು ಮೂರು ಸಲ ಫೋನ್ ಮಾಡಿಯೂ ಕೆಲಸ ಆಗದಿದ್ದರೆ ಫೋನ್ ನಿಲ್ಲಿಸಿ, ಕಾಗದ ಬರೆಯಿರಿ. ವಕೀಲರು ಬೇಕಿಲ್ಲ. ಅಂಗಡಿಗೆ ಒಂದು, ಡಬ್ಬಿಯ ಮೇಲಿರುವ ಕಂಪನಿ ವಿಳಾಸಕ್ಕೆ ಒಂದು, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಇಮೇಲ್ ಕೂಡ ಮಾಡಿ. ರಸೀದಿ ಇಟ್ಟುಕೊಳ್ಳಿ, ತಲುಪಿದ ದಿನ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆಯಿರಿ. ನಾವು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ನಿಮ್ಮ ಅಂಗಡಿಯಿಂದ ಇಂಥ ದಿನ, ಇಂಥ ಬಿಲ್ ನಂಬರಿನಲ್ಲಿ, ಇಷ್ಟು ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಕೊಂಡಿದ್ದೇನೆ. ಮಾಡೆಲ್ ಮತ್ತು ಸೀರಿಯಲ್ ನಂಬರ್ ಕೆಳಗಿದೆ. ವಾರಂಟಿ ಜೂನ್ 2ರ ತನಕ ಇತ್ತು. ಮೇ 20ರಂದು ಅದು ಆನ್ ಆಗಲಿಲ್ಲ. ಅಂದೇ ನಿಮಗೆ ಒಪ್ಪಿಸಿದ್ದೇನೆ. ನೀವು ಅದನ್ನು ಒಪ್ಪಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶದ ಪ್ರತಿ ಲಗತ್ತಿಸಿದೆ. ಈ ಕಾಗದ ತಲುಪಿದ 15 ದಿನದೊಳಗೆ ಉಚಿತವಾಗಿ ರಿಪೇರಿ ಮಾಡಿ ಕೊಡಬೇಕು. ಆಗದಿದ್ದರೆ ಅದೇ ದರ್ಜೆಯ ಹೊಸದನ್ನು ಅಥವಾ ಪೂರ್ತಿ ಹಣವನ್ನು ಕೊಡಬೇಕು. ತಪ್ಪಿದರೆ ಕಲಬುರಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ."

ಬೈಗುಳ ಬೇಡ, ಬೆದರಿಕೆ ಬೇಡ. ತಾರೀಖು, ನಂಬರ್, ಏನು ಬೇಕು, ಎಷ್ಟು ದಿನದೊಳಗೆ ಬೇಕು, ಇಷ್ಟಿದ್ದರೆ ಸಾಕು.

1915ಕ್ಕೆ ಫೋನ್

ಕಾಗದ ಕಳಿಸಿದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಬಿಲ್, ಸೀರಿಯಲ್ ನಂಬರ್, ಕಂಪ್ಲೇಂಟ್ ನಂಬರ್ ಎದುರಿಗೆ ಇಟ್ಟುಕೊಂಡು ಕೂಡಿ. ಅವರು ದೂರನ್ನು ಕಂಪನಿಗೆ ಕಳಿಸುತ್ತಾರೆ, ನಿಮಗೊಂದು ನಂಬರ್ ಕೊಡುತ್ತಾರೆ. ಇದು ಕೋರ್ಟ್ ಅಲ್ಲ, ಆದೇಶ ಮಾಡುವ ಅಧಿಕಾರ ಇಲ್ಲ. ಆದರೆ ದೊಡ್ಡ ಕಂಪನಿಗಳಲ್ಲಿ ಈ ದೂರು ಬೇರೆಯ ಮೇಜಿಗೆ ಹೋಗುತ್ತದೆ. ಅಂಗಡಿಯ ಕೌಂಟರಿನಲ್ಲಿ 40 ದಿನ ಸಿಗದ ಉತ್ತರ ನಮಗೆ ಇಲ್ಲಿಂದ 9ನೇ ದಿನಕ್ಕೆ ಸಿಕ್ಕಿತು. ಅಂಗಡಿಗೆ ಕೊಟ್ಟ ತಾರೀಖನ್ನೇ ದೂರಿನ ತಾರೀಖು ಅಂತ ಒಪ್ಪುತ್ತೇವೆ, ಬೋರ್ಡ್ ಉಚಿತವಾಗಿ ಬದಲಿಸುತ್ತೇವೆ ಅಂತ ಕಂಪನಿಯಿಂದಲೇ ಇಮೇಲ್ ಬಂತು.

ಎಲ್ಲರಿಗೂ ಇಷ್ಟಕ್ಕೇ ಮುಗಿಯುವುದಿಲ್ಲ. ಮುಗಿಯದಿದ್ದರೆ ಮುಂದಿನ ಬಾಗಿಲು ಇದೆ.

ಜಿಲ್ಲಾ ಗ್ರಾಹಕ ಆಯೋಗ

ನಾವು ಆಯೋಗದ ತನಕ ಹೋಗಬೇಕಾಗಲಿಲ್ಲ. ಆದರೆ ಹೋಗಲು ತಯಾರಿ ಮಾಡಿಕೊಂಡಿದ್ದೆವು. ಆಗ ತಿಳಿದದ್ದನ್ನು ಹೇಳುತ್ತೇನೆ.

ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಹೈದರಾಬಾದಿನಲ್ಲಿರಲಿ, ಕಂಪನಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರಲಿ, ಅವರೇ ನಿಮ್ಮ ಊರಿಗೆ ಬಂದು ಉತ್ತರ ಕೊಡಬೇಕು. 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದು. 2020ರ ಜುಲೈನಿಂದ ಜಾರಿಯಲ್ಲಿದೆ. ಹಿಂದೆ ಎದುರಿನವರ ಊರು ಅಥವಾ ವ್ಯವಹಾರ ನಡೆದ ಊರು ನೋಡಬೇಕಿತ್ತು. ನಮ್ಮಂಥ ದೂರದ ಜಿಲ್ಲೆಯವರು ಅಲ್ಲಿಗೇ ಕೈಚೆಲ್ಲುತ್ತಿದ್ದರು.

ಕೊಟ್ಟ ಬೆಲೆ 50 ಲಕ್ಷ ರೂಪಾಯಿ ತನಕ ಇದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದ ತನಕ ಶುಲ್ಕವೇ ಇಲ್ಲ. ಅಂದರೆ ಲ್ಯಾಪ್‌ಟಾಪಿನ ದೂರಿಗೆ ಶುಲ್ಕ ಕಟ್ಟಬೇಕಾಗಿಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಆಯೋಗದ ಕಚೇರಿಗೆ ಹೋಗಿ ಕೊಡಬಹುದು, ಅಥವಾ ಸರ್ಕಾರದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಹಾಕಬಹುದು.

ದೂರಿನಲ್ಲಿ ಎದುರಾಳಿಗಳಾಗಿ ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಮೂವರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ತಪ್ಪನ್ನು ಅವರ ಮೇಲೆ ಹಾಕುತ್ತಾರೆ. ನಡೆದದ್ದನ್ನು ತಾರೀಖಿನ ಸಾಲಿನಲ್ಲಿ ಬರೆಯಿರಿ. ಕೊನೆಗೆ ಏನು ಬೇಕು ಅಂತ ಬಿಡಿಬಿಡಿಯಾಗಿ ಕೇಳಿ: ರಿಪೇರಿ, ಬದಲಿ, ಅಥವಾ ಬಡ್ಡಿ ಸಮೇತ ಹಣ ವಾಪಸ್. ಜೊತೆಗೆ ಓಡಾಟದ ಖರ್ಚು, ಮಾನಸಿಕ ತೊಂದರೆಗೆ ಪರಿಹಾರ, ದೂರಿನ ಖರ್ಚು. ಕೇಳದೇ ಇದ್ದದ್ದು ಸಿಗುವುದು ಕಷ್ಟ. ಬಿಲ್, ವಾರಂಟಿ ಹಾಳೆ, ಜಾಬ್ ಶೀಟ್, ಕಾಗದದ ಪ್ರತಿ, ಪೋಸ್ಟ್ ರಸೀದಿ, ಸಂದೇಶಗಳ ಪ್ರಿಂಟ್ ಎಲ್ಲದಕ್ಕೂ ಪುಟ ಸಂಖ್ಯೆ ಹಾಕಿ ಜೋಡಿಸಿ, ಅಫಿಡವಿಟ್ ಮಾಡಿಸಿ.

ದೂರು ವಿಚಾರಣೆಗೆ ತಕ್ಕದ್ದೇ ಅಂತ ಸಾಮಾನ್ಯವಾಗಿ 21 ದಿನದೊಳಗೆ ತೀರ್ಮಾನ ಆಗಬೇಕು. ನೋಟಿಸ್ ಹೋದ ಮೇಲೆ ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಹೆಚ್ಚು ಸಮಯ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನೋಟಿಸ್ ತಲುಪಿದ ಮೇಲೆ 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ತೀರ್ಪು ಕೊಡಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಇದಕ್ಕಿಂತ ಜಾಸ್ತಿ ಹಿಡಿಯಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಡುವೆ ಎರಡೂ ಕಡೆ ಒಪ್ಪಿದರೆ ಮಧ್ಯಸ್ಥಿಕೆಗೂ ಕಳಿಸುತ್ತಾರೆ. ಆದೇಶ ಬಂದ ಮೇಲೂ ಪಾಲಿಸದಿದ್ದರೆ 1 ತಿಂಗಳಿಂದ 3 ವರ್ಷದ ತನಕ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಆಗಬಹುದು.

ನೀವೇ ನಿಂತು ವಾದಿಸಬಹುದು. ಧೈರ್ಯ ಸಾಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಅವರ ಸಹಾಯವಾಣಿ 15100. ಓದುವ ಹೆಣ್ಣುಮಕ್ಕಳಿಗೆ ಈ ವಿಷಯ ದಯವಿಟ್ಟು ಹೇಳಿ.

ವಾಪಸ್ ತರುವ ದಿನ

ಲ್ಯಾಪ್‌ಟಾಪ್ ತಯಾರಾಗಿದೆ ಅಂತ ಫೋನ್ ಬಂದಾಗ ಖುಷಿಯಲ್ಲಿ ಬ್ಯಾಗಿಗೆ ಹಾಕಿಕೊಂಡು ಓಡಿ ಬರಬೇಡಿ. ಅರ್ಧ ಗಂಟೆ ಇಟ್ಟುಕೊಂಡು ಹೋಗಿ. ಯಾವ ಭಾಗ ಬದಲಿಸಿದ್ದಾರೆ, ಅದಕ್ಕೆ ಎಷ್ಟು ದಿನದ ವಾರಂಟಿ ಅಂತ ರಿಪೇರಿ ಹಾಳೆಯಲ್ಲಿ ಬರೆಸಿ. ಬೋರ್ಡ್ ಬದಲಾಗಿದ್ದರೆ ಆನ್ ಮಾಡಿದಾಗ ಕಾಣುವ ಸೀರಿಯಲ್ ನಂಬರ್ ಕೆಳಗಿನ ಸ್ಟಿಕರ್ ಜೊತೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಮುಂದಿನ ಸಲ ವಾರಂಟಿ ಹುಡುಕಿದಾಗ ತೊಂದರೆ ಆಗುತ್ತದೆ. ವಿಂಡೋಸ್ ಆ್ಯಕ್ಟಿವೇಟ್ ಆಗಿದೆಯೇ ನೋಡಿ. ಎಲ್ಲ ಕೀ ಒತ್ತಿ, ಕ್ಯಾಮೆರಾ ತೆರೆಯಿರಿ, ಯುಎಸ್‌ಬಿ ಕಿಂಡಿಗಳಿಗೆ ಪೆನ್‌ಡ್ರೈವ್ ಹಾಕಿ ನೋಡಿ, ವೈಫೈ ಹಿಡಿಯುತ್ತದೆಯೇ ನೋಡಿ, ಕೀಲು ಸಡಿಲವಾಗಿಲ್ಲ ತಾನೇ ನೋಡಿ. ಎಲ್ಲ ಸರಿ ಇದ್ದ ಮೇಲೆ ಸಹಿ.

ನಮ್ಮ ಹುಡುಗಿಯ ಲ್ಯಾಪ್‌ಟಾಪ್ ವಾಪಸ್ ಬಂದ ದಿನ ನಾನೂ ಜೊತೆಗೆ ಹೋಗಿದ್ದೆ. ಕೌಂಟರ್ ಮೇಲೇ ಒಂದು ಹಾಡು ಹಚ್ಚಿದಳು. ಎಡಗಡೆ ಸ್ಪೀಕರಿನಲ್ಲಿ ಸದ್ದೇ ಇರಲಿಲ್ಲ. ಹುಡುಗ ಅದನ್ನು ಒಳಗೆ ಒಯ್ದು, ಕಳಚಿದ್ದ ಕೇಬಲ್ ಕೂರಿಸಿ, 20 ನಿಮಿಷದಲ್ಲಿ ತಂದು ಕೊಟ್ಟ.